ಮಳೆ ಒಂದು ದಿನ ಮುಂಚೆ ಬೀಳುತ್ತಿದ್ದ ಊರು

ಹವಾಮಾನ ಕಚೇರಿಯಲ್ಲಿ ಎಲ್ಲರೂ ಆಕೆಯನ್ನು ಅತ್ತಿಗೆ ಎಂದೇ ಕರೆಯುತ್ತಿದ್ದರು. ಇದಕ್ಕೆ ಕಾರಣ ಅವರ ಮೈದುನ. ಆತ ಅದೇ ಕಚೇರಿಯಲ್ಲಿ ಎರಡು ವರ್ಷ ಗುಮಾಸ್ತನಾಗಿದ್ದ. ಹೊಸದಾಗಿ ಕೆಲಸಕ್ಕೆ ಸೇರಿದ ಇವರನ್ನು ಮನೆಯಲ್ಲಿ ಕೂಗುವಂತೆಯೇ ಅಲ್ಲಿಯೂ ಕೂಗಿದ. ಮೈದುನ ಬೇರೆ ಇಲಾಖೆಗೆ ಹೋಗಿ ಮೂವತ್ತು ವರ್ಷವಾದರೂ ಆ ಹೆಸರು ಮಾತ್ರ ಉಳಿದುಬಿಟ್ಟಿತು. ಬಾಗಿಲು ಕಾಯುವವನಿಗೂ ಅವರು ಅತ್ತಿಗೆ, ಅವರಿಗಿಂತ ಹತ್ತು ವರ್ಷ ಚಿಕ್ಕವರಾದ ಸಾಹೇಬರಿಗೂ ಅತ್ತಿಗೆ. ಒಮ್ಮೆ ಮೇಲಿನ ಕಚೇರಿಯಿಂದ ತಪಾಸಣೆಗೆ ಬಂದಿದ್ದ ಗಂಟುಮುಖದ ಅಧಿಕಾರಿಯೊಬ್ಬರು, ಮಧ್ಯಾಹ್ನದ ಊಟವಾಗುವ ಹೊತ್ತಿಗೆ ತಾವೂ ಮರೆತು “ಅತ್ತಿಗೆ, ಆ ಫೈಲು ಕೊಡಿ” ಎಂದು ನಾಲಿಗೆ ಕಚ್ಚಿಕೊಂಡಿದ್ದರು. ಅತ್ತಿಗೆ ನಗದೆ ಫೈಲು ಕೊಟ್ಟರು. ನಗುವನ್ನು ಸಂಜೆಯವರೆಗೆ ಕಾಪಾಡಿಕೊಂಡು ಮನೆಗೆ ಹೋಗಿ ನಕ್ಕರು.

ಕಚೇರಿಯ ಹಿಂಭಾಗದಲ್ಲಿ, ಸೈಕಲ್ ನಿಲ್ಲಿಸುವ ಜಾಗಕ್ಕೆ ಮುಖ ಮಾಡಿದ ಒಂಟಿ ಕಿಟಕಿಯ ಉದ್ದನೆಯ ಕೋಣೆ ಅವರದು. ಮೂರು ಗೋಡೆಗಳಿಗೂ ಸೂರಿನವರೆಗೆ ಕಪಾಟು. ಕಪಾಟಿನ ತುಂಬ ಬಟ್ಟೆಯ ರಟ್ಟು ಹಾಕಿದ ದಪ್ಪ ಪುಸ್ತಕಗಳು. ಒಂದೊಂದು ಪುಸ್ತಕ ಒಂದೊಂದು ಊರಿನದು, ಒಂದೊಂದು ಗೆರೆ ಒಂದೊಂದು ದಿನದ್ದು. ನೂರು ವರ್ಷದ ಹಿಂದೆ ಯಾರೋ ಒಬ್ಬ ಅಂಚೆಯಣ್ಣ ಕೊಡೆ ಹಿಡಿದು ಅಂಗಳಕ್ಕೆ ಹೋಗಿ, ಮಳೆಮಾಪಕದ ನೀರನ್ನು ಅಳತೆಯ ಗಾಜಿಗೆ ಸುರಿದು, ಕಣ್ಣು ಕಿರಿದು ಮಾಡಿ ನೋಡಿ ಬರೆದಿಟ್ಟ ಅಂಕಿ ಇನ್ನೂ ಅಲ್ಲಿ ಹಾಗೆಯೇ ಕೂತಿತ್ತು.

ಈ ಅಂಕಿಗಳಲ್ಲಿ ಹೊಂದದೆ ಇರುವುದನ್ನು ಹುಡುಕಿ ತಿದ್ದುವುದು ಅತ್ತಿಗೆಯ ಕೆಲಸ. ಆಗಿಹೋದ ಮಳೆಯನ್ನು ತಿದ್ದುವುದೆಂದರೇನು ಎಂದು ಮೊದಲು ಕೇಳಿದವರು ಅವರ ಯಜಮಾನರೇ. ಅತ್ತಿಗೆ ಅಡುಗೆಮನೆಯ ಬಾಗಿಲ ಚೌಕಟ್ಟನ್ನು ತೋರಿಸಿದರು. ಅದರ ಮೇಲೆ ಪ್ರತಿವರ್ಷ ಮಗಳನ್ನು ನಿಲ್ಲಿಸಿ ಎತ್ತರದ ಗುರುತು ಹಾಕಿದ್ದರು.

“ನಡುವೆ ಒಂದು ವರ್ಷ ಇವಳು ಎತ್ತರದ ಚಪ್ಪಲಿ ಹಾಕ್ಕೊಂಡು ನಿಂತಿದ್ಲು ಅನ್ನಿ. ಆಮೇಲೆ ನೋಡಿದವರು ಏನಂತಾರೆ? ಮಗು ಆ ವರ್ಷ ಬೆಳೀತು, ಮುಂದಿನ ವರ್ಷ ಕುಗ್ಗಿತು ಅಂತಾರೆ. ಆ ಚಪ್ಪಲಿ ಹುಡುಕೋದೇ ನನ್ನ ಕೆಲಸ.”

ಅಂಥ ಚಪ್ಪಲಿಗಳು ಬೇಕಾದಷ್ಟು ಇರುತ್ತವೆ. ಹಳೆಯ ಉಷ್ಣಮಾಪಕ ಒಡೆದು ಹೊಸದು ಬರುತ್ತದೆ. ಮಾಪಕದ ಪಕ್ಕದಲ್ಲಿ ಯಾರೋ ಗೋಡೆ ಎಬ್ಬಿಸುತ್ತಾರೆ. ನೆಟ್ಟ ಸಸಿ ಮರವಾಗಿ ಮಳೆಗೆ ಅಡ್ಡ ನಿಲ್ಲುತ್ತದೆ. ಆಗ ಆಕಾಶದಲ್ಲಿ ಏನೂ ಬದಲಾಗದೆ ಪುಸ್ತಕದಲ್ಲಿ ಮಾತ್ರ ಬದಲಾಗುತ್ತದೆ. ಬದಲಾವಣೆ ಆಕಾಶದ್ದೋ ಪುಸ್ತಕದ್ದೋ ಎಂದು ತಿಳಿಯಲು ಅತ್ತಿಗೆ ನೆರೆಹೊರೆಯ ಊರುಗಳ ಪುಸ್ತಕ ತೆಗೆದು ಪಕ್ಕಪಕ್ಕ ಇಡುತ್ತಿದ್ದರು. ಆಕಾಶ ಒಂದೇ ಊರಿಗೆ ಬೇರೆ ಮುಖ ತೋರಿಸುವುದಿಲ್ಲ ಎಂಬುದು ಅವರ ನಂಬಿಕೆ.

ಅವರಿಗೊಂದು ಹಳೆಯ ನೋವಿತ್ತು. ಕೆಲಸಕ್ಕೆ ಸೇರಿದ ಆರನೆಯ ವರ್ಷ, ಬೆಟ್ಟದ ಮೇಲಿನ ಒಂದು ಊರಿನ ಹದಿನಾಲ್ಕು ವರ್ಷದ ಉಷ್ಣತೆಯ ಅಂಕಿಗಳು ಸುತ್ತಲಿನ ಊರುಗಳೊಂದಿಗೆ ಹೊಂದಲಿಲ್ಲ. ಮೇಲಿನವರು ಹೇಳಿದರೆಂದು ಅತ್ತಿಗೆ ಅಷ್ಟಕ್ಕೂ ಗೆರೆ ಹೊಡೆದು, ‘ನಂಬಲರ್ಹವಲ್ಲ’ ಎಂದು ಷರಾ ಬರೆದರು. ಪುಸ್ತಕ ಅಚ್ಚಾಯಿತು. ಒಂದು ಮಧ್ಯಾಹ್ನ ಆ ಊರಿನ ಶಾಲೆಯ ಹಳೆಯ ಮೇಷ್ಟರು, ಅಂಕಿ ಬರೆದವರೇ, ಆ ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದರು. ಜಗಳವಾಡಲಿಲ್ಲ. ಇದರಲ್ಲಿ ನನ್ನ ತಪ್ಪು ಯಾವುದೆಂದು ತೋರಿಸಿದರೆ ತಿಳಿದುಕೊಂಡು ಹೋಗುತ್ತೇನೆ ಎಂದರು, ಅಷ್ಟೆ. ತೋರಿಸಲು ಅತ್ತಿಗೆಯ ಬಳಿ ಏನೂ ಇರಲಿಲ್ಲ. ಮೇಷ್ಟರು ಒಂದು ಲೋಟ ನೀರು ಕುಡಿದು ಹೊರಟರು. ಎರಡು ವರ್ಷದ ಮೇಲೆ ಬೇರೆ ಯಾವುದೋ ಫೈಲಿನೊಳಗೆ ಒಂದು ಚೀಟಿ ಸಿಕ್ಕಿತು. ಉಷ್ಣಮಾಪಕದ ಪೆಟ್ಟಿಗೆಯನ್ನು ಇಲಾಖೆಯವರೇ ಅಂಗಳದಿಂದ ತಾರಸಿಗೆ ಏರಿಸಿದ್ದರು. ಮೇಷ್ಟರು ತಾರಸಿಯ ಬಿಸಿಯನ್ನು ಇದ್ದದ್ದು ಇದ್ದಂತೆ ಬರೆದಿದ್ದರು. ಒಂದಿಷ್ಟು ಕಳೆದರೆ ಎಲ್ಲವೂ ಸರಿಹೋಗುತ್ತಿತ್ತು. ಹೇಳೋಣವೆಂದರೆ ಆ ಹೊತ್ತಿಗೆ ಮೇಷ್ಟರು ತೀರಿಕೊಂಡಿದ್ದರು. ಅಂದಿನಿಂದ ಕಾರಣ ತಿಳಿಯದೆ ಒಂದು ಅಂಕಿಗೂ ಗೆರೆ ಹೊಡೆಯುವುದಿಲ್ಲವೆಂದು ಅತ್ತಿಗೆ ಪಟ್ಟು ಹಿಡಿದರು.

ನಿವೃತ್ತಿಗೆ ಇನ್ನೊಂದು ವರ್ಷವಿದ್ದಾಗ, ಒಂದು ತಿಂಗಳ ಒಂಬತ್ತನೆಯ ತಾರೀಖು, ಸಾಹೇಬರು ಕಂಪ್ಯೂಟರಿನಿಂದ ತೆಗೆದ ಹಾಳೆಯೊಂದನ್ನು ಹಿಡಿದು ಕೋಣೆಗೆ ಬಂದರು. ನೂರು ವರ್ಷ ಕಡಿಯದೆ ಮಳೆ ಅಳೆದ ಊರುಗಳ ಪಟ್ಟಿ ಅಚ್ಚಾಗುವುದರಲ್ಲಿತ್ತು. ಅದರಲ್ಲಿ ಒಂದು ಸಣ್ಣ ಊರಿನ ಹನ್ನೊಂದು ವರ್ಷ ಪೂರ್ತಿ ಕೆಂಪು ಬಣ್ಣ ಬಂದಿತ್ತು.

“ಅತ್ತಿಗೆ, ಈ ಊರಿಗೆ ಮಳೆ ಅಡ್ವಾನ್ಸ್ ಬುಕಿಂಗ್ ಇದ್ದ ಹಾಗಿದೆ. ಸುತ್ತ ನಾಲ್ಕೂ ಊರಲ್ಲಿ ಮಂಗಳವಾರ ಮಳೆ ಆದರೆ ಇಲ್ಲಿ ಸೋಮವಾರವೇ ಸುರಿದಿದೆ.”

“ದಿನಾಲೂ ಹೀಗೇನಾ?”

“ಅದೇ ತಲೆನೋವು. ಕೆಲವು ಸಲ ಒಂದು ದಿನ ಮುಂಚೆ, ಕೆಲವು ಸಲ ಸರಿಯಾಗಿ. ಮೂವತ್ತನೇ ತಾರೀಖು ಅಚ್ಚಿಗೆ ಹೋಗಬೇಕು. ಕಾರಣ ಸಿಕ್ಕರೆ ತಿದ್ದೋಣ. ಇಲ್ಲ ಅಂದ್ರೆ ಹನ್ನೊಂದು ವರ್ಷಾನೂ ಹೊಡೆದು ಹಾಕಿ, ಷರಾ ನೀವೇ ಬರೀರಿ.”

ನೂರು ವರ್ಷದಲ್ಲಿ ಮೂರು ವರ್ಷದ ಕೊರತೆಯನ್ನು ಮಾತ್ರ ಸಹಿಸುವ ನಿಯಮವಿತ್ತು. ಅದಕ್ಕಿಂತ ಹೆಚ್ಚಾದರೆ ಆ ಊರು ಪಟ್ಟಿಯಿಂದಲೇ ಹೊರಗೆ. ಸಾಹೇಬರು ಕೆಟ್ಟವರೇನಲ್ಲ. ಆ ಊರಿನ ಬಗ್ಗೆ ಅವರಿಗೂ ಮರುಕವಿತ್ತು, ಆದರೆ ಅಚ್ಚುಮನೆಯವರು ದಿನಕ್ಕೆರಡು ಸಲ ಫೋನು ಮಾಡುತ್ತಿದ್ದರು.

ಅತ್ತಿಗೆ ಐದು ಊರುಗಳ ಪುಸ್ತಕಗಳನ್ನು ಮೇಜಿನ ಮೇಲೆ ಹರಡಿಕೊಂಡು, ಗಾಜಿನ ಪೇಪರ್‌ವೆಯ್ಟಿನಿಂದ ಹಾಳೆ ಒತ್ತಿ ಕೂತರು. ಮೊದಲು ತಿಂಗಳ ಮೊತ್ತ ಕೂಡಿದರು. ತಿಂಗಳ ಕೊನೆಯ ದಿನ ಮಳೆ ಬಂದಾಗ ಒಂದಿಷ್ಟು ಅತ್ತಿತ್ತ ಆಗಿದ್ದು ಬಿಟ್ಟರೆ ಮೊತ್ತ ನೆರೆಯ ಊರುಗಳಿಗೆ ಹೊಂದುವಂತೆಯೇ ಇತ್ತು. ಆಮೇಲೆ ಎರಡೆರಡು ದಿನ ಸೇರಿಸಿ ಕೂಡಿದರು. ಆಗಲೂ ಬಹುಮಟ್ಟಿಗೆ ಹೊಂದಿತು. ಅಂದರೆ ನೀರು ಎಲ್ಲಿಯೂ ಸೋರಿಹೋಗಿರಲಿಲ್ಲ, ಯಾರೂ ಮನೆಯಲ್ಲಿ ಕೂತು ಬಾಯಿಗೆ ಬಂದ ಅಂಕಿ ಗೀಚಿರಲಿಲ್ಲ. ದಿನ ಮಾತ್ರ ಜಾರಿತ್ತು. ಎಲ್ಲ ದಿನಗಳೂ ಜಾರಿದ್ದರೆ ಒಂದು ಗೆರೆ ಕೆಳಗೆ ಇಳಿಸಿ ಕೈತೊಳೆದುಕೊಳ್ಳಬಹುದಿತ್ತು. ಆದರೆ ಇಲ್ಲಿ ಕೆಲವು ಮಳೆ ಇದ್ದಲ್ಲೇ ಇದ್ದವು, ಕೆಲವು ಜಾರಿದ್ದವು, ಕೆಲವಂತೂ ನಡುವೆ ಸೀಳಿದಂತೆ ಎರಡು ದಿನಕ್ಕೆ ಹಂಚಿಹೋಗಿದ್ದವು. ನೆರೆಯ ಊರಿನಲ್ಲಿ ಮಂಗಳವಾರಕ್ಕೆ ನಲವತ್ತು ಮಿಲಿಮೀಟರ್ ಇದ್ದರೆ ಇಲ್ಲಿ ಸೋಮವಾರಕ್ಕೆ ಇಪ್ಪತ್ತೈದು, ಮಂಗಳವಾರಕ್ಕೆ ಹದಿನೈದು.

ಊರಿನ ವಿವರದ ಕಾರ್ಡಿನಲ್ಲಿ ಒಂದೆರಡು ಸಾಲಿತ್ತು. ಅಂಚೆಕಚೇರಿಯ ಕಟ್ಟಡ ರಿಪೇರಿಗೆ ಬಂದಾಗ ಮಳೆಮಾಪಕವನ್ನು ಊರಿನ ನೀರು ಸರಬರಾಜಿನ ಪಂಪ್‌ಹೌಸಿಗೆ ಸಾಗಿಸಲಾಗಿತ್ತು. ಹನ್ನೊಂದು ವರ್ಷದ ನಂತರ ಅಲ್ಲಿಂದ ಶಾಲೆಯ ಅಂಗಳಕ್ಕೆ. ಆ ಹನ್ನೊಂದು ವರ್ಷ ಅಳೆದವರು ಯಾರು ಎಂಬ ಕಡೆ ‘ಪಂಪ್‌ಹೌಸ್ ಕಾವಲುಗಾರ’ ಎಂದಿತ್ತು. ಈ ಕಾವಲುಗಾರ ಏನು ಮಾಡಿದ ಎಂಬ ಹುಳ ಅತ್ತಿಗೆಯ ತಲೆಗೆ ಹೊಕ್ಕಿತು. ಮನೆಗೆ ಹೋಗುವ ಬಸ್ಸಿನಲ್ಲಿ ಇಳಿಯುವ ನಿಲ್ದಾಣ ದಾಟಿಹೋಗಿ ಒಂದು ಮೈಲು ಹಿಂದಕ್ಕೆ ನಡೆದರು.

ಮನೆಯಲ್ಲಿ ಆ ಸಂಜೆ ಬೇರೆಯೇ ರಗಳೆ ನಡೆದಿತ್ತು. ಮೊಮ್ಮಗನನ್ನು ಶಾಲೆಗೆ ಸೇರಿಸುವ ಅರ್ಜಿಯನ್ನು ಯಜಮಾನರು ತುಂಬುತ್ತಿದ್ದರು. ಬಸ್ ಡಿಪೋದಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾದವರು. ಕಾಗದ ಕಂಡರೆ ಇಂದಿಗೂ ಅವರಿಗೆ ಅನುಮಾನ. ಹುಟ್ಟಿದ ದಿನ ಭಾನುವಾರವೆಂದು ಅವರು, ಆಸ್ಪತ್ರೆಯ ಚೀಟಿಯಲ್ಲಿ ಸೋಮವಾರವಿದೆಯೆಂದು ಫೋನಿನಲ್ಲಿ ಮಗಳು. ಮಗು ಹುಟ್ಟಿದ್ದು ರಾತ್ರಿ ಹನ್ನೆರಡು ಗಂಟೆ ನಲವತ್ತು ನಿಮಿಷಕ್ಕೆ.

“ನಾನು ಭಾನುವಾರ ಸಂಜೆ ಆ ಬೆಂಚಿನ ಮೇಲೆ ಕೂತವನು ಎದ್ದೇ ಇಲ್ಲ,” ಎಂದರು ಯಜಮಾನರು. “ನಾನು ಏಳದೆ ಸೋಮವಾರ ಹ್ಯಾಗೆ ಬಂತು?”

ಸೌಟು ಹಿಡಿದಿದ್ದ ಅತ್ತಿಗೆ ಹಾಗೆಯೇ ನಿಂತರು. “ನಿಮ್ಮ ಭಾನುವಾರ ಎಷ್ಟು ಹೊತ್ತಿಗೆ ಮುಗೀತು ರೀ?”

“ಬೆಳಕು ಹರಿದು, ಎದ್ದು ಮುಖ ತೊಳೆದಾಗ.”

ಯಜಮಾನರು ಗೆದ್ದೆನೆಂದುಕೊಂಡರು. ಅತ್ತಿಗೆ ಅಷ್ಟು ಹೊತ್ತಿಗೆ ಪಂಪ್‌ಹೌಸಿಗೆ ಹೋಗಿಬಿಟ್ಟಿದ್ದರು. ಮಳೆ ಅಳೆಯುವವರಿಗೆ ದಿನ ಮುಗಿಯುವುದು ಬೆಳಿಗ್ಗೆ ಎಂಟು ಗಂಟೆಗೆ. ಹಿಂದಿನ ಬೆಳಿಗ್ಗೆ ಎಂಟರಿಂದ ಈ ಬೆಳಿಗ್ಗೆ ಎಂಟರವರೆಗೆ ಬಿದ್ದದ್ದನ್ನೆಲ್ಲ ಒಟ್ಟಿಗೆ ಅಳೆದು ಈ ಬೆಳಗಿನ ತಾರೀಖಿಗೆ ಬರೆಯಬೇಕು. ಎಲ್ಲ ಊರಿಗೂ ಅದೇ ನಿಯಮ. ಆದರೆ ಆ ಕಾವಲುಗಾರನ ದಿನ ಎಷ್ಟು ಹೊತ್ತಿಗೆ ಮುಗಿಯುತ್ತಿತ್ತೋ?

ಮರುದಿನವೇ ಹೊರಗಿನ ಕೆಲಸವೆಂದು ಬರೆದಿಟ್ಟು, ಎರಡು ಗಂಟೆ ಬಸ್ಸಿನಲ್ಲಿ ಕೂತು ಆ ಊರಿಗೆ ಹೋದರು. ಶಾಲೆಯಲ್ಲಿ ವಿಚಾರಿಸಿದಾಗ, ಅದು ಟ್ಯಾಂಕಿ ಅಜ್ಜನೇ ಇರಬೇಕೆಂದು ಹೇಳಿ ಮನೆ ತೋರಿಸಿದರು. ಮುಂಬಾಗಿಲ ಕೋಣೆಯಲ್ಲಿ ಅಜ್ಜನ ಸೊಸೆ ಹೊಲಿಗೆ ಯಂತ್ರದ ಮುಂದೆ ಕೂತಿದ್ದರು. ಸುತ್ತ ಕತ್ತರಿಸಿದ ಬಟ್ಟೆ, ಗೋಡೆಯ ಮೊಳೆಗಳಲ್ಲಿ ಬಟ್ಟೆ ಕತ್ತರಿಸಲು ಬಳಸುವ ಕಾಗದದ ಅಚ್ಚುಗಳು. ಎಲ್ಲಿಂದ ಬಂದದ್ದೆಂದು ತಿಳಿದ ಮೇಲೆ ಒಳಗೆ ಮುಖ ಮಾಡಿ ಕೂಗಿದರು.

“ಮಾವ, ಮಳೆ ಆಫೀಸಿಂದ ಬಂದಿದಾರೆ. ಯಾವುದೋ ಮಳೆ ಕಳೆದುಹೋಗಿದೆಯಂತೆ, ನೀವೇನಾದ್ರೂ ಎತ್ತಿಟ್ಟಿದೀರಾ ನೋಡಿ.”

ಅಜ್ಜನಿಗೆ ಎಂಬತ್ತೆರಡು. ಸಣ್ಣ ಆಳು, ನೆಟ್ಟನೆ ಬೆನ್ನು, ಅಂಗಿಯ ಕತ್ತಿನ ಗುಂಡಿ ಕೂಡ ಹಾಕಿಕೊಂಡಿದ್ದರು. ಅತ್ತಿಗೆ ಸುತ್ತು ಬಳಸದೆ, ಮಳೆಯನ್ನು ಎಷ್ಟು ಹೊತ್ತಿಗೆ ಅಳೆಯುತ್ತಿದ್ದಿರಿ ಎಂದು ಕೇಳಿದರು. ಬೆಳಿಗ್ಗೆ ಎಂಟಕ್ಕೆ ಎಂದರು ಅಜ್ಜ. ಅತ್ತಿಗೆಯ ಮುಖ ಸಣ್ಣಗಾಯಿತು. ಅಜ್ಜ ಮಾತು ಮುಗಿಸಿರಲಿಲ್ಲ.

“ಮತ್ತೆ ರಾತ್ರಿ ಹನ್ನೆರಡಕ್ಕೆ.”

ಆಮೇಲೆ ಅವರು ಹೇಳಿದ್ದು ಹೀಗೆ. ಪಂಪ್‌ಹೌಸಿನ ಎಲ್ಲ ಪುಸ್ತಕವೂ ರಾತ್ರಿ ಹನ್ನೆರಡಕ್ಕೆ ಮುಗಿಯುತ್ತಿತ್ತು: ಟ್ಯಾಂಕಿನ ನೀರಿನ ಮಟ್ಟ, ಮೋಟಾರು ಓಡಿದ ಗಂಟೆ, ಕೊನೆಗೆ ಕಾವಲುಗಾರನ ಸಹಿ. ಮಳೆಮಾಪಕವನ್ನು ಒಪ್ಪಿಸುವಾಗ ಅಂಚೆಯ ಹಿರಿಯರು ಒಂದು ಮಾತು ಒತ್ತಿ ಹೇಳಿದ್ದರು: ಆಯಾ ದಿನದ ಮಳೆಯನ್ನು ಆಯಾ ದಿನಕ್ಕೆ ಬರೆಯಬೇಕು, ಒಂದು ಹನಿ ಆಚೀಚೆ ಆಗಬಾರದು. ಬೆಳಿಗ್ಗೆ ಎಂಟಕ್ಕೆ ಅಳೆಯಬೇಕೆಂದೂ ಹೇಳಿದ್ದರು. ಕಾವಲುಗಾರ ಎರಡು ದಿನ ಹಾಗೆಯೇ ಮಾಡಿ ನೋಡಿದ. ಮೂರನೆಯ ದಿನ ಸಂಜೆ ಜೋರು ಮಳೆ ಬಂದು ರಾತ್ರಿ ಎಂಟು ಗಂಟೆಗೆ ನಿಂತುಹೋಯಿತು. ಅದನ್ನು ನಾಳೆಯ ತಾರೀಖಿಗೆ ಬರೆಯಲು ಅವನ ಕೈ ಏಳಲಿಲ್ಲ. ಅಂದಿನಿಂದ ನಡುರಾತ್ರಿಯೂ ಒಮ್ಮೆ ಅಳೆದು, ನೀರು ಚೆಲ್ಲಿ, ದಿನವನ್ನು ಮುಚ್ಚಿದ. ಬೆಳಗಿನದನ್ನೂ ರಾತ್ರಿಯದನ್ನೂ ಕೂಡಿಸಿ ಆ ದಿನದ ಗೆರೆಯಲ್ಲಿ ಬರೆದ. ತಿಂಗಳಿಗೊಮ್ಮೆ ಹಾಳೆ ಕಳಿಸುತ್ತಿದ್ದ. ಹನ್ನೊಂದು ವರ್ಷದಲ್ಲಿ ಯಾರೂ ಬಂದು ಕೇಳಲಿಲ್ಲ.

“ಸೋಮವಾರ ಬಿದ್ದ ನೀರನ್ನ ಮಂಗಳವಾರದ್ದು ಅಂತ ಬರೆಯೋದು ಸುಳ್ಳಲ್ವಾ ತಾಯಿ?” ಎಂದು ಅಜ್ಜ ಕೇಳಿದರು.

ಅತ್ತಿಗೆಗೆ ಎದ್ದು ನಿಂತು ಚಪ್ಪಾಳೆ ತಟ್ಟಬೇಕೆನಿಸಿತು. ಇಷ್ಟು ವರ್ಷದ ಕೆಲಸದಲ್ಲಿ ಹೇಳಿದ್ದಕ್ಕಿಂತ ಕಡಿಮೆ ಮಾಡಿದವರನ್ನು ಅವರು ಬೇಕಾದಷ್ಟು ಕಂಡಿದ್ದರು. ಹೆಚ್ಚು ಮಾಡಿ ದಾಖಲೆ ಕೆಡಿಸಿದವರನ್ನು ಕಂಡದ್ದು ಇದೇ ಮೊದಲು. ಆದರೆ ಬಂದ ವಿಷಯವನ್ನು ಮುಚ್ಚಿಡುವ ಹಾಗಿರಲಿಲ್ಲ. ಸುತ್ತಲಿನ ಊರುಗಳೆಲ್ಲ ಎಂಟಕ್ಕೆ ದಿನ ಮುಗಿಸುವುದನ್ನೂ, ಇವರದು ಅವುಗಳೊಂದಿಗೆ ಹೊಂದದಿರುವುದನ್ನೂ, ಸರಿಪಡಿಸಲಾಗದಿದ್ದರೆ ಅಷ್ಟಕ್ಕೂ ಗೆರೆ ಬೀಳುವುದನ್ನೂ ಬಿಡಿಸಿ ಹೇಳಿದರು.

ಅಜ್ಜ ಮೊಣಕಾಲ ಮೇಲಿನ ಬಟ್ಟೆಯ ಮಡಿಕೆಯನ್ನು ಬೆರಳಿಂದ ತೀಡಿದರು. “ಹನ್ನೊಂದು ವರ್ಷಾನೂ?”

“ಹ್ಞೂಂ ಅಜ್ಜ. ನಡುರಾತ್ರಿಯದು ಎಷ್ಟು, ಬೆಳಗಿನದು ಎಷ್ಟು ಅಂತ ಬೇರೆಬೇರೆ ಸಿಕ್ಕರೆ ನಾನೇ ಮತ್ತೆ ಕೂಡಿಸಬಲ್ಲೆ. ನೀವು ಕೂಡಿಸಿ ಕಳಿಸಿದ್ದು ಮಾತ್ರ ನಮ್ಮ ಹತ್ರ ಇದೆ.”

ಅಜ್ಜ ಎದ್ದು ಒಳಗೆ ಹೋದರು. ಮಂಚದ ಕೆಳಗಿಂದ ತಗಡಿನ ಟ್ರಂಕು ಎಳೆಯುವ ಸದ್ದು ಕೇಳಿಸಿತು. ಪಂಪ್‌ಹೌಸಿಗೆ ಹೊಸ ಯಂತ್ರ ಬಂದಾಗ ಹಳೆಯ ಡ್ಯೂಟಿ ಪುಸ್ತಕಗಳನ್ನು ಸುಡಲು ಹೇಳಿದ್ದರಂತೆ. ತನ್ನ ಸಹಿಯಿದ್ದ ಪುಸ್ತಕ ಸುಡಲು ಮನಸ್ಸಾಗದೆ ಅಜ್ಜ ಸೈಕಲ್ಲಿಗೆ ಕಟ್ಟಿಕೊಂಡು ಮನೆಗೆ ತಂದಿದ್ದರು. ಪುಸ್ತಕದಲ್ಲಿ ಮಳೆಗೆ ಅಂಕಣವಿರಲಿಲ್ಲ. ಅದಕ್ಕೇ ಅಂಚಿನಲ್ಲಿ ಗುರುತು ಹಾಕಿದ್ದರು: ಹತ್ತಕ್ಕೊಂದು ನಿಂತ ಗೆರೆ, ಒಂದಕ್ಕೊಂದು ಚುಕ್ಕಿ, ಅರ್ಧಕ್ಕೆ ಚುಕ್ಕಿಗೊಂದು ಬಾಲ. ಮೇಲಿನ ಅಂಚಿನದು ಬೆಳಗಿನದು, ಕೆಳಗಿನ ಅಂಚಿನದು ನಡುರಾತ್ರಿಯದು. ಬೇರೆಯವರು ನೋಡಿದರೆ ಇರುವೆ ಸಾಲು ಎಂದುಕೊಳ್ಳಬೇಕು.

ವರ್ಷಕ್ಕೊಂದರಂತೆ ಪುಸ್ತಕಗಳು ಏಳಿದ್ದವು. ಉಳಿದ ನಾಲ್ಕು ಎಲ್ಲಿ ಎಂದು ಅತ್ತಿಗೆ ಕೇಳಿದಾಗ ಹೊಲಿಗೆ ಯಂತ್ರದ ಸದ್ದು ನಿಂತಿತು.

“ಅವು ನನ್ನ ಹತ್ರ ಬಂದ್ವು,” ಎಂದರು ಸೊಸೆ. ಅವರ ದನಿ ತಗ್ಗಿತ್ತು. “ಗಟ್ಟಿ ಕಾಗದ, ಅಚ್ಚು ಕತ್ತರಿಸೋಕೆ ಚೆನ್ನಾಗಿರುತ್ತೆ ಅಂತ ಮಾವನ್ನ ಕೇಳಿದೆ. ತಗೋ ಅಂದ್ರು. ಇಪ್ಪತ್ತು ವರ್ಷ ಆಯ್ತು.”

ಮೂವರೂ ಗೋಡೆಯ ಕಡೆಗೆ ನೋಡಿದರು. ತೋಳು, ಕಾಲರ್, ಜೇಬು, ಕಂಕುಳಿನ ತುಂಡು ಎಲ್ಲವೂ ಮೊಳೆಗಳಲ್ಲಿ ತೂಗುತ್ತಿದ್ದವು. ಹೆಚ್ಚಿನವು ಹೊಸ ಕಾಗದದವು. ಹಳೆಯವು ಸವೆದು ಹರಿದು ಎಂದೋ ಒಲೆ ಸೇರಿದ್ದವು. ಸೊಸೆ ಒಂದೊಂದನ್ನೂ ಇಳಿಸಿ, ತಿರುಗಿಸಿ ಕಿಟಕಿಯ ಬೆಳಕಿಗೆ ಹಿಡಿದರು. ಒಂದು ಉದ್ದ ತೋಳಿನ ಮೇಲೆ ಗೆರೆ ಚುಕ್ಕಿಗಳು ಕಂಡವು. ಒಂದು ಮಳೆಗಾಲದ ನಡುವಿನ ಒಂಬತ್ತು ದಿನ ಆ ತೋಳಿನಲ್ಲಿ ಉಳಿದಿತ್ತು, ಹತ್ತನೆಯ ದಿನ ಮೊಣಕೈಯ ತಿರುವಿನಲ್ಲಿ ಕತ್ತರಿಗೆ ಸಿಕ್ಕಿತ್ತು. ಕೆಲಸವಾದ ಮೇಲೆ ಅಚ್ಚು ವಾಪಸು ಕೊಡುವುದಾಗಿ ಅತ್ತಿಗೆ ಮಾತು ಕೊಟ್ಟರು. ಅಂಥ ತೋಳಿಗೆ ಗಿರಾಕಿಗಳು ಇನ್ನೂ ಇದ್ದರಂತೆ.

ಮರುದಿನದಿಂದ ಎರಡು ವಾರ ಅತ್ತಿಗೆ ಬೆಳಗಿನ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಹಿಂದಿರುಗಿದರು. ಅಜ್ಜ ಕಿಟಕಿಯ ಬಳಿ ಕೂತು ಅಂಚಿನ ಗುರುತು ಓದುವರು, ಅತ್ತಿಗೆ ಬರೆಯುವರು. ಸೋಮವಾರದ ನಡುರಾತ್ರಿಯದನ್ನು ಮಂಗಳವಾರದ ಬೆಳಗಿನದಕ್ಕೆ ಕೂಡಿಸಿದರೆ ಮಂಗಳವಾರದ ಸರಿಯಾದ ಅಂಕಿ. ಅಜ್ಜ ಮೊದಮೊದಲು ಇದಕ್ಕೆ ಮುಖ ಸಿಂಡರಿಸಿದರು. ಮೂರನೆಯ ದಿನದಿಂದ ತಾವೇ ಬಾಯಲ್ಲಿ ಕೂಡಿಸತೊಡಗಿದರು. ನೆರೆಯ ಊರಿನ ಅಂಕಿಯನ್ನು ಅತ್ತಿಗೆ ಪಕ್ಕದಲ್ಲಿ ಓದಿ ಹೇಳಿದಾಗ ಇಬ್ಬರೂ ತಲೆ ಎತ್ತಿ ಒಬ್ಬರನ್ನೊಬ್ಬರು ನೋಡುವರು. ನಲವತ್ತಕ್ಕೆ ನಲವತ್ತೆರಡು, ಹದಿನೆಂಟಕ್ಕೆ ಹದಿನೇಳು. ಜಾರಿಹೋಗಿದ್ದ ಮಳೆಗಳು ಒಂದೊಂದಾಗಿ ತಮ್ಮ ಜಾಗಕ್ಕೆ ಬಂದು ಕೂತವು. ಒಂದು ಸಲ ಅತ್ತಿಗೆ ಗೆರೆ ತಪ್ಪಿ ಬುಧವಾರದ್ದನ್ನು ಗುರುವಾರಕ್ಕೆ ಹಾಕಿದ್ದನ್ನು ಅಜ್ಜ ಕೂತಲ್ಲಿಂದಲೇ ಹಿಡಿದರು. ಅತ್ತಿಗೆ ಹೊಡೆದು ಬರೆದರು. ಸೊಸೆ ಯಂತ್ರದ ಆಚೆಯಿಂದ, ಮಾವನ ಕೈಗೆ ಸಿಕ್ಕಿದ ಮೇಲೆ ಯಾರಿಗೂ ಬಿಡುಗಡೆ ಇಲ್ಲವೆಂದು ನಕ್ಕರು.

ಇಪ್ಪತ್ತೈದನೆಯ ತಾರೀಖಿಗೆ ಏಳು ವರ್ಷ ಮುಗಿಯಿತು. ಉಳಿದದ್ದು ನಾಲ್ಕು, ನಿಯಮ ಬಿಟ್ಟುಕೊಡುವುದು ಮೂರು. ಒಂದೇ ಒಂದು ವರ್ಷ ಸಿಕ್ಕಿದ್ದರೆ ಊರು ಪಟ್ಟಿಯಲ್ಲಿ ಉಳಿಯುತ್ತಿತ್ತು. ಅತ್ತಿಗೆ ಈ ಲೆಕ್ಕವನ್ನು ಬಾಯಿಬಿಟ್ಟು ಹೇಳಿರಲಿಲ್ಲ, ಆದರೆ ಅಜ್ಜ ಮಾತುಮಾತಿನಲ್ಲಿ ಅದನ್ನು ತಿಳಿದುಕೊಂಡಿದ್ದರು.

“ಒಂದು ವರ್ಷ ತಾನೆ ಬೇಕು? ನಾನು ಹೇಳ್ತೀನಿ, ಬರ್ಕೊಳ್ಳಿ,” ಎಂದರು. “ಕೊನೇ ವರ್ಷದ್ದು ನನಗೆ ದಿನದಿನದ್ದೂ ನೆನಪಿದೆ.”

ಅತ್ತಿಗೆಯ ಪೆನ್ನು ಕಾಗದದ ಮೇಲೆ ನಿಂತಿತು. ಬರೆದುಕೊಂಡರೆ ಕೇಳುವವರು ಯಾರು? ಸಾಹೇಬರು ಡ್ಯೂಟಿ ಪುಸ್ತಕವನ್ನು ಓದಲಾರರು. ತಮ್ಮನ್ನು ಬಿಟ್ಟರೆ ಅದನ್ನು ಓದಬಲ್ಲವರು ಲೋಕದಲ್ಲಿ ಒಬ್ಬರೇ, ಅವರೇ ಎದುರಿಗೆ ಕೂತು ಹೇಳುತ್ತೇನೆ ಎನ್ನುತ್ತಿದ್ದರು. ತಿಂಗಳ ಮೊತ್ತ ಹೇಗೂ ಕೈಯಲ್ಲಿದೆ, ಅದಕ್ಕೆ ಹೊಂದುವಂತೆ ಹಂಚಿದರೆ ಕಂಪ್ಯೂಟರೂ ಬಾಯಿ ಮುಚ್ಚುತ್ತದೆ. ಅದಕ್ಕಿಂತ ಹೆಚ್ಚಾಗಿ, ಅಜ್ಜನ ಮುಖದಲ್ಲಿ ಆ ಆಸೆಯನ್ನು ನೋಡಿ ಇಲ್ಲ ಎನ್ನುವುದು ಅವರಿಗೆ ಕಷ್ಟವಾಯಿತು. ನೀರು ಕುಡಿದು ಹೋದ ಮೇಷ್ಟರ ಬೆನ್ನು ಕಣ್ಣಿಗೆ ಕಟ್ಟಿತು. ಇದ್ದ ಏಳರಲ್ಲಿ ಒಂದು ಪುಸ್ತಕ ತೆಗೆದು ಮಡಿಲಲ್ಲಿ ಮರೆಮಾಡಿ ತೆರೆದರು.

“ಅಜ್ಜ, ಟ್ಯಾಂಕಿನ ಗೋಡೆ ಬಿರುಕು ಬಿಟ್ಟ ವರ್ಷ ಒಂದು ದೊಡ್ಡ ಮಳೆ ಬಂತು ಅಂದ್ರಲ್ಲ. ಆ ನಡುರಾತ್ರಿ ಎಷ್ಟು ಅಳೆದ್ರಿ?”

“ಅರವತ್ತನಾಲ್ಕು,” ಎಂದರು ಅಜ್ಜ, ಉಸಿರು ಎಳೆಯುವಷ್ಟೂ ತಡಮಾಡದೆ. “ಶನಿವಾರ. ಗಾಜಿನಲ್ಲಿ ಹಿಡಿಸದೆ ಮೂರು ಸಲ ಸುರಿದು ಅಳೆದೆ. ಅದನ್ನ ಮರೆಯೋಕಾಗುತ್ತಾ?”

ಅತ್ತಿಗೆ ಪುಸ್ತಕವನ್ನು ಅವರ ಕಡೆಗೆ ತಿರುಗಿಸಿದರು. ಮೂರು ನಿಂತ ಗೆರೆ, ಎಂಟು ಚುಕ್ಕಿ. ಮೂವತ್ತೆಂಟು. ವಾರ ಶುಕ್ರವಾರ.

ಅಜ್ಜ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿ ಮತ್ತೆ ಹಾಕಿಕೊಂಡರು. ಬೆರಳಿಟ್ಟು ಎಣಿಸಿದರು. ಹಿಂದಿನ ಹಾಳೆ, ಮುಂದಿನ ಹಾಳೆ ತಿರುವಿ ನೋಡಿದರು. ಅರವತ್ತನಾಲ್ಕು ಎಲ್ಲಿಯೂ ಇರಲಿಲ್ಲ. ಸೊಸೆ ಸೂಜಿಗೆ ದಾರ ಪೋಣಿಸುವುದನ್ನು ಬಿಟ್ಟು ಮಾವನನ್ನೇ ನೋಡುತ್ತಿದ್ದರು.

“ನೋಡಿದ್ರಾ,” ಎಂದರು ಅಜ್ಜ ಕೊನೆಗೆ. ಅವರ ದನಿಯಲ್ಲಿ ಬೇಸರಕ್ಕಿಂತ ಬೆರಗು ಹೆಚ್ಚಿತ್ತು. “ಇಷ್ಟು ವರ್ಷ ಎಷ್ಟು ಜನಕ್ಕೆ ಅರವತ್ತನಾಲ್ಕು ಅಂತ ಹೇಳಿದೀನೋ.” ಪುಸ್ತಕ ಮುಚ್ಚಿ ಅತ್ತಿಗೆಯ ಕೈಗಿಟ್ಟರು. “ಬೇಡ ತಾಯಿ. ಆ ನಾಲ್ಕು ವರ್ಷ ಬಿಟ್ಬಿಡಿ. ನಾನು ಹೇಳಿದ್ದು ಬರೀಬೇಡಿ, ನಾನು ಬರೆದದ್ದು ಮಾತ್ರ ಬರೀರಿ.”

ಅತ್ತಿಗೆ ಹಾಗೆಯೇ ಮಾಡಿದರು. ಏಳು ವರ್ಷ ಒಂಬತ್ತು ದಿನ ತಿದ್ದಿ ಸೇರಿತು. ಉಳಿದ ದಿನಗಳಿಗೆ ಗೆರೆ ಹೊಡೆಯುವ ಬದಲು, ಅಜ್ಜ ಕಳಿಸಿದ್ದ ಅಂಕಿಗಳನ್ನು ಇದ್ದಂತೆಯೇ ಪುಸ್ತಕದ ಕೊನೆಯಲ್ಲಿ ಬೇರೆ ಹಾಳೆಗೆ ಹಾಕಿ, ನಡುರಾತ್ರಿಯಿಂದ ನಡುರಾತ್ರಿಗೆ ಅಳೆದದ್ದೆಂದು ಷರಾ ಬರೆದರು. ಸಾಹೇಬರು ಅದನ್ನು ಎರಡು ಸಲ ಓದಿದರು. ಒಂದು ವರ್ಷಕ್ಕಾಗಿ ಊರು ಕೈತಪ್ಪಿತಲ್ಲ ಎಂದು ಪೇಚಾಡಿದರು. ನಿಯಮ ಬಗ್ಗಿಸಿ ಎಂದು ಅತ್ತಿಗೆಯೂ ಕೇಳಲಿಲ್ಲ. ಊರು ನೂರು ವರ್ಷದ ಪಟ್ಟಿಯಿಂದ ಇಳಿದು, ನಡುವೆ ಕಡಿದುಹೋದ ಊರುಗಳ ಭಾಗಕ್ಕೆ ಸೇರಿತು. ‘ನಂಬಲರ್ಹವಲ್ಲ’ ಎಂಬ ಮಾತು ಮಾತ್ರ ಎಲ್ಲಿಯೂ ಬರಲಿಲ್ಲ.

ಮುಂದಿನ ತಿಂಗಳು ಅಚ್ಚಿನ ಕರಡು ಬಂದಾಗ ಅತ್ತಿಗೆ ಆ ಹಾಳೆಗಳನ್ನೂ ತೋಳಿನ ಅಚ್ಚನ್ನೂ ತೆಗೆದುಕೊಂಡು ಅಜ್ಜನ ಮನೆಗೆ ಹೋದರು. ಊರು ಪಟ್ಟಿಯಿಂದ ಇಳಿದ ಸುದ್ದಿಯನ್ನು ಹೇಗೆ ಹೇಳುವುದೆಂದು ದಾರಿಯುದ್ದಕ್ಕೂ ಯೋಚಿಸಿದ್ದರು. ಅಜ್ಜ ಅದನ್ನು ಕೇಳಿ ತಲೆಯಾಡಿಸಿದರು, ಅಷ್ಟೆ; ಅವರ ಕಣ್ಣು ಆಗಲೇ ತಮ್ಮ ಗೆರೆಗಳನ್ನು ಹುಡುಕುತ್ತಿತ್ತು. ಡ್ಯೂಟಿ ಪುಸ್ತಕಗಳನ್ನು ಪಕ್ಕದಲ್ಲಿ ಇಟ್ಟುಕೊಂಡು ಒಂದೊಂದೇ ದಿನ ಹೋಲಿಸಿದರು. ಮಧ್ಯಾಹ್ನದ ಚಹಾ ಆರಿಹೋಯಿತು. ಐದನೆಯ ಪುಸ್ತಕದಲ್ಲಿ ಅವರ ಬೆರಳು ನಿಂತಿತು.

“ಇದು ತಪ್ಪು ತಾಯಿ. ಈ ಎರಡು ದಿನ ಸೊನ್ನೆ ಹಾಕಿದೀರಿ.”

ಅತ್ತಿಗೆ ಬಗ್ಗಿ ನೋಡಿದರು. ಅಂಚಿನಲ್ಲಿ ಗುರುತಿರಲಿಲ್ಲ. ಗುರುತಿಲ್ಲದ ದಿನವೆಂದರೆ ಮಳೆಯಿಲ್ಲದ ದಿನವೆಂದು ಎಲ್ಲ ಕಡೆ ಹಾಕಿದಂತೆ ಇಲ್ಲಿಯೂ ಸೊನ್ನೆ ಹಾಕಿದ್ದರು.

“ಕೆಳಗಿನ ಸಹಿ ನೋಡಿ, ನನ್ನದಲ್ಲ. ಮಗನ ಮದುವೆಗೆ ಎರಡು ದಿನ ರಜಾ ಹಾಕಿದ್ದೆ. ಬದಲಿಗೆ ಬಂದವನಿಗೆ ಮಳೆ ಅಳೆಯೋಕೆ ಬರ್ತಿರಲಿಲ್ಲ. ಸೊನ್ನೆ ಅಂದ್ರೆ ಮಳೆ ಬರಲಿಲ್ಲ ಅಂತ. ಬಂತೋ ಇಲ್ವೋ ನನಗೇನು ಗೊತ್ತು?”

“ಬಂದಿತ್ತಲ್ಲ ಮಾವ,” ಎಂದರು ಸೊಸೆ, ಯಂತ್ರ ನಿಲ್ಲಿಸಿ. “ನನ್ನ ಮದುವೆ ದಿನ ನನಗೆ ಮರೆಯುತ್ತಾ? ಶಾಮಿಯಾನ ಸೋರಿ ಹೊಸ ಬಟ್ಟೆಯೆಲ್ಲ ತೊಯ್ದು ತೊಪ್ಪೆಯಾಗಿತ್ತು.”

“ಅದು ನಿಮ್ಮೂರ ಮಳೆ ಕಣಮ್ಮ. ಅದನ್ನ ನಿಮ್ಮೂರಿನವರು ಬರ್ಕೊಂಡಿರ್ತಾರೆ.”

ಅತ್ತಿಗೆ ಎರಡು ಸೊನ್ನೆಗಳನ್ನೂ ಹೊಡೆದು, ಆ ಜಾಗದಲ್ಲಿ ಯಾರೂ ನೋಡಲಿಲ್ಲ ಎಂಬುದರ ಗುರುತಾದ ಅಡ್ಡಗೆರೆಗಳನ್ನು ಎಳೆದರು. ಅಜ್ಜ ಬಗ್ಗಿ, ಗೆರೆಗಳು ಸರಿಯಾದ ದಿನಕ್ಕೇ ಬಿದ್ದಿವೆಯೆಂದು ನೋಡಿಕೊಂಡು, ಮುಂದಿನ ದಿನದ ಮೇಲೆ ಬೆರಳಿಟ್ಟರು.